ಇಟಾಲಿಯನ್ ಉಚ್ಚಾರ: ಹುಬ್ಬಳ್ಳಿ ನಾಲಿಗಿಗೆ ಎಲ್ಲಿ ಸಲೀಸು, ಎಲ್ಲಿ ತೊಡಕು?

ಉಣಕಲ್_ದಂಡಿ ಕೇಳಿದ್ದು:

ಇಟಾಲಿಯನ್ ಸುರು ಮಾಡಿ ಮೂರು ವಾರ ಆತು, ಎ1 ಮಟ್ಟ. ವ್ಯಾಕರಣ ಹೆಂಗೋ ನಡದೈತಿ. ಉಚ್ಚಾರ ಹೇಳಿಕೊಡೋ ವಿಡಿಯೊ, ಪಿಡಿಎಫ್ ಮಾತ್ರ ಎಲ್ಲಾ ಅಮೆರಿಕಾದವ್ರಿಗಂತನ ಮಾಡಿದಂಗ ಅದಾವ. "ಟಿ ಅನ್ನುವಾಗ ಗಾಳಿ ಬಿಡಬ್ಯಾಡ್ರಿ" ಅಂತ ಒಂದು ಪುಟ ಬರದಿರ್ತಾರ, ನಮಗ ಬೇಕಾದ್ದು ಒಂದು ಸಾಲೂ ಇರಂಗಿಲ್ಲ.

ಕನ್ನಡ ಲಿಪಿಯೊಳಗ ಉಚ್ಚಾರ ಬರಕೊಂಡ್ರ ನಡೀತೈತೇನ್ರಿ? ಸಿ, ಜಿ ಈ ಎರಡು ಅಕ್ಷರ ಒಂದೊಂದು ಕಡೆ ಒಂದೊಂದು ನಮೂನಿ ಯಾಕ? ಜಿ-ಎಲ್-ಐ ಬಂದಲ್ಲಿ ನಾ ಳ ಅಂತೀನಿ, ಅದು ತಪ್ಪಂತ. ಮತ್ತ ನಾ ಏಕವಚನ ಹೇಳಿದ್ರೂ ಬಹುವಚನ ಕೇಳಿಸ್ತೈತಿ ಅಂತ ಕಲಿಸೋರು ತಿದ್ದತಾನ ಇರ್ತಾರ. ಯಾಕ ಹಂಗ ಆಗತೈತಿ ಅಂತ ಅವರಿಗೂ ತಿಳೀವಲ್ದು, ನನಗೂ ತಿಳೀವಲ್ದು.

ಮಾಳಮಡ್ಡಿ_ಕಟ್ಟಿ ಉತ್ತರ:

ಕನ್ನಡದಾಗ ಧಾರಾಳ ಬರಕೋರಿ. ಇಂಗ್ಲಿಷ್ ಸ್ಪೆಲ್ಲಿಂಗಿಗಿಂತ ಎಷ್ಟೋ ಪಾಲು ಛಲೋ. ಇಟಾಲಿಯನ್ನಿನ ಟಿ, ಡಿ ಅಂದ್ರ ನಾಲಿಗಿ ತುದಿ ಮ್ಯಾಲಿನ ಹಲ್ಲಿಗೆ ತಾಗೋ ನಮ್ಮ ತ, ದ. ಇಂಗ್ಲಿಷ್ ಮುಖಾಂತರ ಕಲಿತವರು ಟಿ ಕಂಡಕೂಡಲೆ ಟ ಅಂತಾರ, ಅಲ್ಲೇ ಕೆಡತದ. ಪಾಸ್ಟಾ ಅಲ್ಲ, ಪಸ್ತ. ಸ್ಪೆಗೆಟಿ ಅಲ್ಲ, ಸ್ಪಗೆತ್ತಿ. ಟ, ಡ, ಣ, ಳ ಈ ನಾಲ್ಕಕ್ಕ ಆ ಭಾಷಾದಾಗ ಕೆಲಸಾನ ಇಲ್ಲ. ನಿಮ್ಮ ನೋಟ್‌ಬುಕ್ಕಿನಾಗ ಒಂದರೆ ಕಂಡ್ರ ಹೊಡದುಹಾಕ್ರಿ. ಮಹಾಪ್ರಾಣಕ್ಕೂ ಹಂಗ. ಗಾಳಿ ಬಗ್ಗೆ ಬರದ ಆ ಇಡೀ ಪುಟ ನಿಮಗಲ್ಲ. ಬಾಯಿ ಮುಂದ ನಾಕು ಬೆರಳು ದೂರ ತೆಳ್ಳಗಿನ ಹಾಳಿ ಹಿಡದು 'ಪಾಪ' ಅನ್ರಿ, ಹಾಳಿ ಅಲಗಾಡೂದಿಲ್ಲ. ವಿದೇಶಿ ಧಾಟಿ ಬರಲಿ ಅಂತ ಬೇಕಂತ ಗಾಳಿ ಕೂಡಿಸಿದ್ರ ಅಷ್ಟ ಅಲಗಾಡತದ.

ಒತ್ತಕ್ಷರ ನಮ್ಮ ದೊಡ್ಡ ಆಸ್ತಿ. ಇಂಗ್ಲಿಷಿನವರು ತಿಂಗಳಗಟ್ಟಲೆ ಒದ್ದಾಡೋದು ಇಲ್ಲೇ. ಕತಿ ಬ್ಯಾರೆ, ಕತ್ತಿ ಬ್ಯಾರೆ ಅಂತ ನಮಗ ಯಾರೂ ಹೇಳಿಕೊಡಬೇಕಿಲ್ಲ. ಊರ ಹೆಸರಿನಾಗ ಎರಡೆರಡು ಒತ್ತಕ್ಷರ ಅದಾವ. ಇಂಗ್ಲಿಷಿನ ಹುಬ್ಳಿ ಹೋಗಿ ಅಧಿಕೃತವಾಗಿ ಹುಬ್ಬಳ್ಳಿ ಆಗಲಿಕ್ಕೆ 2014ರ ನವೆಂಬರ್ 1 ಬರಬೇಕಾತು, ನಮ್ಮ ಬಾಯಾಗ ಅದು ಮೊದಲಿಂದಲೂ ಇತ್ತು. ಸೇತೆ ಅಂದ್ರ ನೀರಡಿಕಿ, ಸೆತ್ತೆ ಅಂದ್ರ ಏಳು. ಕಾಸ ಮನಿ, ಕಸ್ಸ ರೊಕ್ಕಾ ಕೊಡೋ ಕೌಂಟರ್. ಪಾಲ ಸಲಿಕಿ, ಪಲ್ಲ ಚೆಂಡು. ಕಪೆಲ್ಲೊ ಕೂದಲು, ಕಪ್ಪೆಲ್ಲೊ ಟೊಪ್ಪಿಗಿ. ಕಾರೊ ಪ್ರೀತಿಯವ, ಕರ್ರೊ ಚಕ್ಕಡಿ. ಆ ಎರಡು ರ ನಮ್ಮ 'ಕರ್ರಗ', 'ಭರ್ರಂತ' ಶಬ್ದದಾಗಿನವ. ವಯಸ್ಸು ಹೇಳುವಾಗ ವರ್ಷಕ್ಕ 'ಅನ್ನಿ' ಅನ್ನೋದನ್ನ ಮರೀಬ್ಯಾಡ್ರಿ. ಒಂದು ನ ಬಿಟ್ರ ಅದು ಕೂಡೋ ಜಾಗಾದ ಹೆಸರಾಗತದ, ಕ್ಲಾಸ್ ತುಂಬ ನಗಿ.

ಇದರ ಬೆನ್ನಿಗೇ ಒಂದು ಸೂತ್ರ ಅದ. ಸ್ಟ್ರೆಸ್ (ಶಬ್ದದಾಗ ಒಂದು ಅಕ್ಷರ ಜೋರು ಮಾಡಿ ಅನ್ನೋದು) ಬಿದ್ದ ಅಕ್ಷರದ ಮುಂದ ಒಂಟಿ ವ್ಯಂಜನ ಇದ್ರ ಆ ಸ್ವರ ಉದ್ದ, ಒತ್ತಕ್ಷರ ಇದ್ರ ಗಿಡ್ಡ. ಶಬ್ದದ ಕೊನಿ ಸ್ವರ ಮಾತ್ರ ಸ್ಟ್ರೆಸ್ ಇದ್ರೂ ಗಿಡ್ಡ. ಮೂರನ್ನೂ ಒಂದ ಕಡೆ ನೋಡಬೇಕಂದ್ರ: ಪಾಪ (ಪೋಪ್ ಗುರುಗಳು), ಪಪ್ಪ (ಸಣ್ಣ ಕೂಸಿಗೆ ತಿನಸೋ ಮೆತ್ತಂದು), ಮೂರನೇದು ಅಪ್ಪ. ಅಪ್ಪಗ 'ಪಪ' ಅಂತ ಎರಡೂ ಗಿಡ್ಡ, ಜೋರು ಎರಡನೇದರ ಮ್ಯಾಲೆ. ನಾವು ಪಿಜ್ಜಾ, ಪಾಸ್ತಾ, ಜೆಲಾತೋ ಅಂತ ಕೊನಿಗೆ ಎಳೀತೀವಲ್ಲ, ಆ ಎಳತ ಪೂರ್ತಿ ಬಿಡಬೇಕು. (ಸ್ಟ್ರೆಸ್‌ಗೆ ಕನ್ನಡದಾಗ 'ಒತ್ತು' ಅಂತನ ಅಂತಾರ. ಒತ್ತಕ್ಷರದ ಜೋಡಿ ಕಲಸತದ ಅಂತ ಇಂಗ್ಲಿಷ್ ಶಬ್ದಾನ ಇಟಗೊಂಡೀನಿ.)

ಇನ್ನ ಸಿ, ಜಿ. ಅದರ ಮುಂದ ಇ ಅಥವಾ ಎ ಬಂದ್ರ ಚ, ಜ. ಬ್ಯಾರೆ ಏನ ಬಂದ್ರೂ ಕ, ಗ. ಇ, ಎ ಮುಂದ ಇದ್ರೂ ಕ, ಗ ಬೇಕು ಅಂದ್ರ ನಡುವ ಒಂದು ಎಚ್ ತುರುಕತಾರ. ಅ, ಒ, ಉ ಮುಂದ ಇದ್ರೂ ಚ, ಜ ಬೇಕು ಅಂದ್ರ ನಡುವ ಒಂದು ಐ. ಆ ಎಚ್, ಆ ಐ ಎರಡಕ್ಕೂ ಸ್ವಂತ ಸಪ್ಪಳ ಇಲ್ಲ. ಅದಕ್ಕ ಜೊವಾನ್ನಿ ಅನ್ರಿ, ಜಿಯೊವಾನಿ ಬ್ಯಾಡ. ಬ್ರುಸ್ಕೆತ್ತ ಅನ್ರಿ, ಬ್ರುಶೆಟಾ ಬ್ಯಾಡ. ಎಸ್-ಸಿ ಜೋಡಿಗೂ ಇದ ಕಾನೂನು: ಪೆಶ್ಶೆ ಮೀನು, ನಡುವ ಎಚ್ ಬಂದ್ರ ಪೆಸ್ಕೆ, ಪೀಚ್ ಹಣ್ಣುಗಳು. ಸ್ಟ್ರೆಸ್ ಆ ಐ ಮ್ಯಾಲೇ ಬಿದ್ರ ಮಾತ್ರ ಅದು ಬಾಯಿ ತೆರೀತದ: ಫರ್ಮಚೀಅ (ಔಷಧ ಅಂಗಡಿ), ಬುಜೀಅ (ಸುಳ್ಳು).

ಯಾಕ ಅಂತ ಕೇಳಿದ್ರಿ. ಲ್ಯಾಟಿನ್‌ದಾಗ ಎಲ್ಲಾ ಕಡೆ ಕ ಇತ್ತು. ಇ, ಎ ಅನ್ನಲಿಕ್ಕೆ ನಾಲಿಗಿ ಮುಂದಕ್ಕ ಬರತದ, ಅದರ ಸೆಳತಕ್ಕ ಕ ಚ ಆತು. ನೂರಕ್ಕ ಅಲ್ಲಿ ಕೆಂತುಮ್ ಇದ್ದದ್ದು ಚೆಂತೊ ಆತು. ನಮ್ಮ ಕಿವಿ, ಕೆರೆ ತೆಲುಗಿನಾಗ ಚೆವಿ, ಚೆರುವು ಆದವಲ್ಲ, ಅದ ಹಾದಿ. ಕನ್ನಡ ಆ ಹಾದಿ ಹಿಡೀಲಿಲ್ಲ.

ಜಿ-ಎನ್‌ಗೆ ನಮ್ಮ ಅಕ್ಷರಮಾಲಿಯೊಳಗ ಸುಮ್ಮನ ಕೂತ ಞ ಅದ. 'ಮಂಜು' ಅಂತ ನಿಧಾನ ಅನ್ರಿ, ಜು ಬರೋ ಮೊದಲ ನಿಲ್ಲಸ್ರಿ. ಆಗ ನಡುನಾಲಿಗಿ ಅಂಗುಳಕ್ಕ ಹತ್ತಿರತದ, ತುದಿ ಕೆಳಗಿನ ಹಲ್ಲಿನ ಹಂತೇಕ ಇರತದ. ಅಲ್ಲಿಂದ ಸೀದಾ 'ಒ'ಕ್ಕ ಬಿಟ್ರ ಞೊ. ಬಞ್ಞೊ ಬಚ್ಚಲಮನಿ, ಜುಞ್ಞೊ ಜೂನ್. ಜ್ಞಾನ ಶಬ್ದಾನ ಇಂಗ್ಲಿಷಿನಾಗ ಜಿ-ಎನ್ ಹಾಕಿ ಬರೀತಾರಂತ ಇಲ್ಲಿ ಗ್ನ, ಗ್ಯ ಅಂದೀರಿ!

ನಾಲಿಗಿ ಅದ ಜಾಗಾದಾಗ ಇಟ್ಟು ಗಾಳಿ ಮೂಗಿನಿಂದ ಬಿಡೋದರ ಬದಲಿ ಎರಡೂ ಬಾಜೂಕಿಂದ ಬಿಟ್ಟು ಲ ಅಂದ್ರ ನಿಮ್ಮ ಜಿ-ಎಲ್-ಐ. ಳ ಅದರ ಪೂರಾ ಉಲ್ಟಾ, ಅಲ್ಲಿ ತುದಿ ಮ್ಯಾಲೆ ಹಿಂದಕ್ಕ ಮಡಚತದ. ಮೊದಲ ತಿಂಗಳು 'ಲ್ಲ್ಯ' ಅಂದ್ರ ಸಾಕು: ಲುಲ್ಲ್ಯೊ (ಜುಲೈ), ಫಮಿಲ್ಲ್ಯ. ಫಿಲ್ಲ್ಯೊ ಮಗ, ಫೀಲೊ ನೂಲು.

ಗಿರ್ಮಿಟ್_ಚಾ ಉತ್ತರ:

ಏಕವಚನ-ಬಹುವಚನದ ರೋಗದ ಮೂಲ ನಮ್ಮೂರಾಗ ಐತ್ರಿ. ನಾವು ಮನೆ ಅನ್ನಂಗಿಲ್ಲ, ಮನಿ ಅಂತೀವಿ. ಬೆಳೆ ಬೆಳಿ ಆಗತೈತಿ, ಕುದುರೆ ಕುದರಿ ಆಗತೈತಿ. ಕೊನಿಗೆ ಎ ಸಿಕ್ರ ಇ ಮಾಡಿಬಿಡೋದು ನಾಲಿಗಿಗೆ ಹತ್ತಿದ ಚಟ. ಮ್ಯಾಲೆ ಬರದವ್ರು ಒತ್ತಕ್ಷರದಾಗ ನಮಗ ಲಾಭ ಅಂದ್ರಲ್ಲ, ಆ ಲಾಭ ಎಲ್ಲಾ ಇಲ್ಲಿ ಹೋಗತೈತಿ. ಯಾಕಂದ್ರ ಇಟಾಲಿಯನ್‌ದಾಗ ಲಿಂಗ, ವಚನ ಎಲ್ಲಾ ಹೇಳೋದು ಆ ಕೊನಿ ಸ್ವರಾನ. ರಗತ್ತ್ಸೊ ಹುಡುಗ, ರಗತ್ತ್ಸ ಹುಡುಗಿ, ರಗತ್ತ್ಸಿ ಹುಡುಗ್ರು, ರಗತ್ತ್ಸೆ ಹುಡುಗ್ಯಾರು. ಕಾನೆ ಅಂದ್ರ ಒಂದು ನಾಯಿ, ಕಾನಿ ಅಂದ್ರ ನಾಯಿಗೋಳು. ನೊತ್ತೆ ಒಂದು ರಾತ್ರಿ, ನೊತ್ತಿ ಹಲವು. ನೀವು ಒಂದು ನಾಯಿ ಅಂದಾಗ ಅವರಿಗೆ ಹಿಂಡು ಕೇಳಿಸ್ತೈತಿ.

ಮದ್ದು ಹೇಳತೀನಿ. ಎ ಕೊನಿ ಇರೋ ಹತ್ತು ನಾಮಪದ ತಗೋರಿ. ಒಂದೊಂದರ ಏಕವಚನನೋ ಬಹುವಚನನೋ ನಿಮ್ಮ ಮನಸ್ಸಿಗೆ ಬಂದಂಗ ಕಲಸಿ ಹೇಳಿ ಫೋನಿನಾಗ ರೆಕಾರ್ಡ್ ಮಾಡ್ರಿ, ಯಾವುದು ಹೇಳೀರಿ ಅಂತ ಚೀಟಿ ಬರದಿಡ್ರಿ. ಮರುದಿನ ಚೀಟಿ ನೋಡದ ಕೇಳಿ ಮತ್ತ ಬರೀರಿ. ಎರಡೂ ಚೀಟಿ ಹತ್ತಕ್ಕ ಒಂಬತ್ತು ಕೂಡೋತನಕ ಮುಂದ ಹೋಗಬ್ಯಾಡ್ರಿ. ಅದ ದಿನ ಕೇಳಿದ್ರ ಉಪಯೋಗ ಇಲ್ಲ, ಏನ ಹೇಳೀವಿ ಅಂತ ನೆನಪಿರತೈತಿ, ಕಿವಿ ಸುಳ್ಳು ಹೇಳತೈತಿ. ಎ ಬರವಲ್ದು ಅಂದ್ರ ಬೆಂಗಳೂರಾಗ ಸುದ್ದಿ ಓದೋರು 'ಮನೆ' ಅಂತಾರಲ್ಲ, ಆ ಧಾಟಿ ನೆನಸಿಕೋರಿ.

ನಡುವಿನ ಸ್ವರ ನುಂಗೋದೂ ನಮ್ಮದ ಚಟ. ಹುಡುಗ ಹುಡ್ಗ ಆದಂಗ, ತಾವೊಲೊ (ಮೇಜು) ತಾವ್ಲೊ ಆಗತೈತಿ. ಅಲ್ಲಿ ಒಂದು ಸ್ವರಾನೂ ನುಂಗಂಗಿಲ್ಲ.

ಇನ್ನೊಂದು ಐತಿ, ಇದು ಬರೇ ನಮ್ಮ ಭಾಗದ್ದಲ್ಲ, ಕನ್ನಡದವರೆಲ್ಲರದ್ದು. ಎಲ್ಲಿ ಅಂತ ಬರೀತೀವಿ, ಯೆಲ್ಲಿ ಅಂತೀವಿ. ಒಂದು ಅಂತ ಬರೀತೀವಿ, ವೊಂದು ಅಂತೀವಿ. ಇಟಾಲಿಯನ್‌ದಾಗ ಏರಿ ಅಂದ್ರ 'ನೀ ಇದ್ದಿ', ಯೇರಿ ಅಂದ್ರ 'ನಿನ್ನೆ'. ಆ ಯ ತಾನಾಗೇ ನುಸುಳಿದ್ರ ಅರ್ಥಾನ ಬದಲಾತು. ಎಂಟಕ್ಕ ಒತ್ತೊ, ವೊತ್ತೊ ಅಲ್ಲ. ಕೈಬೆರಳು ಗಂಟಲಿಗೆ ಹಚ್ಚಿ, ಬಾಯಿ ಮೊದಲ ಒ ಆಕಾರಕ್ಕ ತಂದು, ಆಮ್ಯಾಲೆ ಸಪ್ಪಳ ಹೊಂಡಸ್ರಿ. ತುಟಿ ಅಲಗಾಡಕೋತ ಸಪ್ಪಳ ಸುರು ಆದ್ರ ವ ಬಂದ ಬರತೈತಿ. ತತ್ತಿಗೆ 'ವೋವೊ' ಅಂತಾರ, ಅಭ್ಯಾಸಕ್ಕ ಅದರಂಥ ಶಬ್ದ ಇಲ್ಲ. ಮೊದಲನೇ ವ ಎರಡೂ ತುಟಿ ಗುಂಡಗ ಮಾಡಿ, ಎರಡನೇ ವ ಮ್ಯಾಲಿನ ಹಲ್ಲು ಕೆಳಗಿನ ತುಟಿಗೆ ಒತ್ತಿ ಗುಂಯ್ ಅನ್ನಸಬೇಕು. ನಮ್ಮ ಕನ್ನಡದ ವ ಇವೆರಡರ ನಡುವ ಅರ್ಧಮರ್ಧ ಇರತೈತಿ.

ಸಾಲಿಗೆ ಸ್ಕ್ವೋಲ ಅಂತಾರ. ಇಸ್ಕೂಲ ಅನ್ನೋ ಬಾಯಿಗೆ ಇಸ್ಕ್ವೋಲ ಬರತೈತಿ, ತಡೀರಿ. ಸ್ಸ್ಸ್ ಅಂತ ಹಾವಿನಂಗ ಮೊದಲ ಹಿಡದು ಆಮ್ಯಾಲೆ ಕ್ವೋ. ತಮಾಷಿ ಅಂದ್ರ ಹಿಂದಕ್ಕ ಇಟಲಿಯವರೂ ಇಂಥ ಇ ಹಚ್ಚತಿದ್ರು, 'ಬರವಣಿಗಿ ರೂಪದಾಗ' ಅನ್ನಾಕ 'ಪೆರ್ ಇಸ್ಕ್ರಿತ್ತೊ' ಅಂತ ಇವತ್ತಿಗೂ ಉಳದೈತಿ. ಆದರ ಅದು ಅವರ ಹಕ್ಕು, ನಮ್ಮದಲ್ಲ.

ಉಣಕಲ್_ದಂಡಿ:

ನಾಯಿ ಹಿಂಡು ಖರೇನ ನನ್ನ ರೋಗಾರೀ, ಅಲ್ಲಿಗೆ ಗೊತ್ತಾತು. ಇನ್ನೆರಡು ಉಳದಾವು. 'ರಗತ್ತ್ಸೊ' ಅಂತ ಬರದ್ರಲ್ಲ, ಆ ಝಡ್ ಹೆಂಗ ಅನ್ನೋದು? ಮತ್ತ ಸ್ಟ್ರೆಸ್ ಯಾವ ಅಕ್ಷರದ ಮ್ಯಾಲೆ ಅಂತ ಪುಸ್ತಕದಾಗ ಗುರುತೇ ಇರಂಗಿಲ್ಲ, ತಿಳಿಯೋದು ಹೆಂಗ?

ಬ್ಯಾಡಗಿ_ಕೆಂಪು ಉತ್ತರ:

ಝಡ್‌ನ ಒಂದು ದನಿ ಕನ್ನಡದಲ್ಲೇ ಇದೆ: ಉತ್ಸವ, ವತ್ಸ, ಮತ್ಸರದ 'ತ್ಸ'. ನಾಲಿಗೆ ತ್ ಜಾಗದಲ್ಲಿ ಕ್ಷಣಕಾಲ ಬಿಗಿಯಾಗಿ ನಿಂತು ನೇರವಾಗಿ ಸ ಆಗಿ ಬಿಚ್ಚಿಕೊಳ್ಳಬೇಕು. ಹಾಗಾಗಿ ಪಿಜ್ಜಾ ಅಲ್ಲ, ಪಿತ್ತ್ಸ. ಇನ್ನೊಂದು ದನಿ 'ದ್ಜ಼': ಜ಼ೀರೊಗೆ ದ್ಜ಼ೇರೊ, ಅರ್ಧಕ್ಕೆ ಮೆದ್ದ್ಜ಼ೊ. ಧಾರವಾಡದಲ್ಲಿ ಮರಾಠಿ ಕೇಳಿ ಬೆಳೆದವರಿಗೆ ಎರಡೂ ಪುಕ್ಕಟೆ. ಮರಾಠಿಯ 'ಚೋರ್', 'ಚಾಕ್' ಶಬ್ದಗಳ ಚ ಮೊದಲನೆಯದು, 'ಜೋರ್'ನ ಜ ಎರಡನೆಯದು. ಯಾವ ಶಬ್ದಕ್ಕೆ ಯಾವುದು ಎಂದು ಬರಹ ಹೇಳುವುದಿಲ್ಲ, ಒಂದೊಂದಾಗಿ ಕಲಿಯಬೇಕು. ಶಬ್ದದ ಆರಂಭದಲ್ಲಂತೂ ಇಟಲಿಯವರಲ್ಲೇ ಏಕಮತವಿಲ್ಲ: ಚಿಕ್ಕಪ್ಪನನ್ನು ಕೆಲವರು ತ್ಸೀಒ ಎನ್ನುತ್ತಾರೆ, ಕೆಲವರು ದ್ಜ಼ೀಒ. ಇಲ್ಲಿ ತಪ್ಪಿದರೆ ಯಾರಿಗೂ ಅರ್ಥ ಕೆಡುವುದಿಲ್ಲ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನೆನಪಿಡಬೇಕಾದ್ದು ಬೇರೆ. ಎರಡು ಸ್ವರಗಳ ನಡುವೆ ಝಡ್ ಒಂದೇ ಬರೆದಿದ್ದರೂ ಒತ್ತಕ್ಷರವಾಗಿಯೇ ಕೇಳಿಸುತ್ತದೆ: ಸ್ಟೇಷನ್ನಿಗೆ ಸ್ತತ್ತ್ಸ್ಯೋನೆ. ಮೇಲೆ ಹೇಳಿದ ಞ, ಲ್ಲ್ಯ, ಶ್ಶ ಕೂಡ ಇದೇ ಗುಂಪಿನವು.

ಸ್ಟ್ರೆಸ್ ಬಗ್ಗೆ ಪುಸ್ತಕ ಒಂದೇ ಕಡೆ ಗುರುತು ಕೊಡುತ್ತದೆ: ಕೊನೆಯ ಅಕ್ಷರದ ಮೇಲೆ ಬಿದ್ದಾಗ ಅಲ್ಲಿ ಓರೆಗೆರೆ ಇರುತ್ತದೆ. 'ನಗರ' ಎಂಬರ್ಥದ ಚಿತ್ತ, ಕಾಫಿಯ ಕಫ್ಫೆ ಇಂಥವು. ಗೆರೆ ಇಲ್ಲದಿದ್ದರೆ ಕೊನೆಯಿಂದ ಎರಡನೆಯದು ಎಂದು ಊಹಿಸಿ, ಹೆಚ್ಚಿನ ಸಲ ಸರಿಹೋಗುತ್ತದೆ: ಮಿಲಾನೊ, ವೆರೋನ. ತಪ್ಪುವ ಕಡೆ ಸಾಮಾನ್ಯವಾಗಿ ಕೊನೆಯಿಂದ ಮೂರನೆಯದು. ನಾಪೊಲಿ, ಜೇನೊವ, ಮೋದೆನ ಊರುಗಳು ಹಾಗೆ. ತಾವೊಲೊ, ಸಾಬತೊ (ಶನಿವಾರ), ತೆಲೇಫೊನೊ ಕೂಡ. 'ಅಂಕೋರ' ಎಂದು ನಡುವೆ ಒತ್ತಿದರೆ ಇನ್ನೂ, 'ಅಂ' ಮೇಲೆ ಒತ್ತಿದರೆ ಹಡಗಿನ ಲಂಗರು. ಕ್ರಿಯಾಪದದಲ್ಲಿ ಎಲ್ಲರೂ ಜಾರುವುದು 'ಅವರು' ರೂಪದಲ್ಲಿ. 'ಮಾತಾಡುತ್ತಾರೆ' ಎನ್ನಲು ಪರ್ಲನೊ, ಸ್ಟ್ರೆಸ್ 'ಪರ್' ಮೇಲೆ. ನಾವು ನಿಯಮ ನಂಬಿ 'ಪರ್ಲಾನೊ' ಎಂದು ನಡುವನ್ನು ಎಳೆಯುತ್ತೇವೆ. ಉಪಾಯ ಸರಳ: ಏಕವಚನದ 'ಪರ್ಲ' ಎಲ್ಲಿ ಒತ್ತುತ್ತದೋ ಅಲ್ಲೇ ಒತ್ತಿ, ಬಾಲಕ್ಕೆ 'ನೊ' ಸುಮ್ಮನೆ ಅಂಟಿಸಿ. 'ವಾಸಿಸುತ್ತಾರೆ' ಎನ್ನುವ ಆಬಿತನೊ ಕೊನೆಯಿಂದ ನಾಲ್ಕನೆಯ ಅಕ್ಷರಕ್ಕೆ ಹೋಗುವುದೂ ಹೀಗೆಯೇ. ಅನುಮಾನ ಬಂದರೆ ವಿಕ್ಷನರಿಯಲ್ಲಿ ಶಬ್ದ ತೆರೆಯಿರಿ, ಉಚ್ಚಾರದ ಸಾಲಿನಲ್ಲಿ ಮೇಲ್ತುದಿಗೆ ಸಣ್ಣ ನಿಲುಗೆರೆ ಕಾಣುತ್ತದೆ. ಅದರ ಮುಂದಿನ ಅಕ್ಷರಕ್ಕೆ ಸ್ಟ್ರೆಸ್.

ಕನ್ನಡ ಲಿಪಿಯ ಬಗ್ಗೆ ಒಂದು ತಕರಾರು ನನ್ನದು. ಅದು ಎರಡು ಕಡೆ ಕೈಕೊಡುತ್ತದೆ. ಮೊದಲನೆಯದು ಗಿಡ್ಡ ಅ. ನಮ್ಮ 'ಕಸ'ದ ಅ ಅರ್ಧ ಬಾಯಿಯದು. ಇಟಾಲಿಯನ್ 'ಕಸ್ಸ'ಕ್ಕೆ ಬಾಯಿ 'ಆ' ಅಷ್ಟು ತೆರೆದು, ಹೊತ್ತು ಮಾತ್ರ 'ಅ' ಅಷ್ಟು ಕೊಡಬೇಕು. ಎರಡನೆಯದು ಎ, ಒ. ಸ್ಟ್ರೆಸ್ ಬಿದ್ದ ಕಡೆ ಇಟಾಲಿಯನ್ನಿಗೆ ಒಟ್ಟು ಏಳು ಸ್ವರ, ಎ ಮತ್ತು ಒ ತಲಾ ಎರಡು ಬಗೆ, ಕಿರುಬಾಯಿಯದು, ತೆರೆಬಾಯಿಯದು. ನಮ್ಮ ಎ-ಏ ಭೇದ ಹೊತ್ತಿನದು, ಬಾಯಿಯದಲ್ಲ. ತೆರೆದ ಎ ಬೇಕೆಂದರೆ ನಿಮ್ಮ 'ಬ್ಯಾಡ', 'ಮ್ಯಾಲೆ' ಸ್ವರದಿಂದ ಅರ್ಧ ದಾರಿ ಎ ಕಡೆಗೆ ಬನ್ನಿ. ತೆರೆದ ಒ ಬೇಕೆಂದರೆ 'ಡಾಕ್ಟರ್', 'ಆಫೀಸು' ಅನ್ನುವಾಗ ಬರುವ ಆ-ಓ ನಡುವಿನದು. ಪೆಸ್ಕ ಕಿರುಬಾಯಲ್ಲಿ ಮೀನು ಹಿಡಿಯುವುದು, ತೆರೆಬಾಯಲ್ಲಿ ಪೀಚ್ ಹಣ್ಣು. ಬೊತ್ತೆ ಕಿರುಬಾಯಲ್ಲಿ ಪೀಪಾಯಿ, ತೆರೆಬಾಯಲ್ಲಿ ಏಟುಗಳು.

ಮಾಳಮಡ್ಡಿ_ಕಟ್ಟಿ:

ಅ ಬಗ್ಗೆ ಒಪ್ಪಿದೆ. ತೆರೆ-ಕಿರು ಮಾತು ಮಾತ್ರ ಎ1ದವರಿಗೆ ಈಗ ಬ್ಯಾಡ. ಮಿಲಾನೊದವರು ಒಂದು ಕಡೆ ತೆರೀತಾರ, ಫ್ಲಾರೆನ್ಸಿನವರು ಇನ್ನೊಂದು ಕಡೆ. ಅವರವರು ಮಾತಾಡಿಕೋತನ ಇರತಾರ, ಯಾರಿಗೂ ಏನೂ ಅಡಚಣಿ ಆಗೂದಿಲ್ಲ.

ಬ್ಯಾಡಗಿ_ಕೆಂಪು:

ಪೂರ್ತಿ ಪಟ್ಟಿ ಬೇಡ, ಸರಿ. ಒಂದು ಜೋಡಿ ಮಾತ್ರ ಬಿಡುವಂತಿಲ್ಲ: ಕಿರುಬಾಯಿಯ 'ಎ' ಅಂದರೆ 'ಮತ್ತು', ತೆರೆಬಾಯಿಯದು 'ಇದೆ, ಆಗಿದೆ'. ಪ್ರತಿ ಎರಡನೇ ವಾಕ್ಯದಲ್ಲಿ ಬರುತ್ತದೆ. ಬರಹದಲ್ಲಿ ಎರಡನೆಯದಕ್ಕೆ ಓರೆಗೆರೆಯೂ ಇದೆ, ನೆಪ ಹೇಳಲಿಕ್ಕಾಗದು.

ಎಸ್ ಬಗ್ಗೆ ಯಾರೂ ಹೇಳಲಿಲ್ಲ. ಬ, ದ, ಗ, ಮ, ನ, ಲ, ರ, ವ ಇವುಗಳ ಹಿಂದೆ ಬಂದರೆ ಅದು ಜ಼: ತಪ್ಪಿಗೆ ಜ಼್ಬಲ್ಲ್ಯೊ. ಹುಬ್ಬಳ್ಳಿಯಲ್ಲಿ ಉರ್ದು ಕಿವಿಗೆ ಬಿದ್ದವರಿಗೆ 'ಜ಼ಮೀನ್' ಗೊತ್ತಿರುತ್ತದೆ, ಅದೇ ದನಿ. ಸ್ವರಗಳ ನಡುವೆ ಬಂದರೆ ಉತ್ತರ ಇಟಲಿ ಜ಼ ಎನ್ನುತ್ತದೆ, ದಕ್ಷಿಣ ಸ ಎನ್ನುತ್ತದೆ. ಯಾವುದನ್ನಾದರೂ ಹಿಡಿಯಿರಿ. ಫ್ಲಾರೆನ್ಸಿನವರ ಬಾಯಲ್ಲಿ 'ಲ ಕಾಸ' ಎಂಬುದು 'ಲ ಹಾಸ' ಎಂದು ಕೇಳಿದರೆ ಗಾಬರಿ ಬೇಡ, ಸ್ವರಗಳ ನಡುವಿನ ಕ ಅಲ್ಲಿ ಹ ಆಗುತ್ತದೆ. ಪಾಲನ್ನು ಹಾಲು ಮಾಡಿಕೊಂಡ ನಾವು ನಗುವಂತಿಲ್ಲ. ಕೇಳಿ ಗುರುತಿಸಿ, ಅನುಕರಿಸಬೇಡಿ.

ಉಣಕಲ್_ದಂಡಿ:

ಎಲ್ಲಾರಿಗೂ ಶರಣ್ರೀ. ಹೋಟೆಲ್ ಮೆನು ಒಂದನ್ನ ಇಟಗೊಂಡು ಬರದೀನಿ, ತಿದ್ರಿ: ಪಸ್ತ, ಬ್ರುಸ್ಕೆತ್ತ, ಜೆಲಾತೋ, ಕಪ್ಪುಚೀನೊ, ಞೊಕ್ಕಿ, ತಾಲ್ಯತೆಲ್ಲೆ, ಲಸಾಞ್ಞೆ, ಯೆಸ್ಪ್ರೆಸ್ಸೊ.

ಗಿರ್ಮಿಟ್_ಚಾ:

ಪಸ್ತ, ಬ್ರುಸ್ಕೆತ್ತ, ಞೊಕ್ಕಿ ಬರೋಬ್ಬರಿ. ಜೆಲಾತೊ, ಕೊನಿಗೆ ಎಳೀಬ್ಯಾಡ್ರಿ. ಕಪ್ಪುಚ್ಚೀನೊದಾಗ ಒತ್ತಕ್ಷರ ಎರಡು, ನೀವು ಒಂದು ನುಂಗೀರಿ. ತಲ್ಲ್ಯತೆಲ್ಲೆ: ಮೊದಲ ತ ಗಿಡ್ಡ, ಲ್ಯಕ್ಕ ಒತ್ತು ಬೇಕು, ಸ್ಟ್ರೆಸ್ ತೆ ಮ್ಯಾಲೆ. ಲಸಞ್ಞೆ ಅಥವಾ ಲಜ಼ಞ್ಞೆ, ನಡುವ ದೀರ್ಘ ಇಲ್ಲ, ಞ್ಞ ತಾನ ಒತ್ತಕ್ಷರ ಐತಲ್ಲ. ಕೊನೇದು ಎಸ್ಪ್ರೆಸ್ಸೊ, ಆ ಯ ತಗೀರಿ. ಮತ್ತ ಓದುವಾಗ ಲಸಞ್ಞಿ, ತಲ್ಲ್ಯತೆಲ್ಲಿ ಅಂತ ಮನಿ ಮಾಡೀರಿ, ಅವೆರಡರ ಕೊನಿಗೆ ಎ ಐತಿ.